ಕಾಲೇಜು ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ: ನೆರವು ಎಲ್ಲಿದೆ, ಹೇಗೆ ಸಿಗುತ್ತದೆ

ಓದುವ ವಯಸ್ಸು, ಕಾಯಿಲೆಯ ವಯಸ್ಸು

ಮಾನಸಿಕ ಕಾಯಿಲೆಗಳಲ್ಲಿ ಸುಮಾರು ಮುಕ್ಕಾಲು ಪಾಲು 24ನೇ ವರ್ಷದೊಳಗೇ ತಲೆದೋರುತ್ತವೆ. ಅಂದರೆ ಪಿಯುಸಿ, ಡಿಗ್ರಿ, ಎಂಜಿನಿಯರಿಂಗ್ ಓದುವ ಕಾಲ ಮುಗಿಯುವಷ್ಟರಲ್ಲಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತ ವಿದ್ಯಾರ್ಥಿಗಳು 13,044. ಇಂಥ ಸುದ್ದಿ ಬಂದಾಗಲೆಲ್ಲ ಪರೀಕ್ಷೆ, ಪ್ರೇಮ, ಮೊಬೈಲು ಎಂದು ಯಾವುದೋ ಒಂದಕ್ಕೆ ದೂರು ಹೊರಿಸಿ ಮುಗಿಸುತ್ತೇವೆ. ಆದರೆ ಕಾರಣ ಒಂದೇ ಇರುವುದು ಅಪರೂಪ. ಕನ್ನಡ ಮಾಧ್ಯಮದಲ್ಲಿ ಓದಿ ತಾಲ್ಲೂಕಿಗೇ ಮೊದಲು ಬಂದವಳು ಬೆಂಗಳೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ತಲೆಗೆ ಹತ್ತದೆ ಇಂಟರ್ನಲ್ಸ್‌ನಲ್ಲಿ ಎಡವುತ್ತಾಳೆ; ಫೀಸಿಗೆ ಅಪ್ಪ ಮಾಡಿದ ಸಾಲ ನೆನಪಾಗುತ್ತದೆ; ಬ್ಯಾಕ್ ಬಿದ್ದದ್ದನ್ನು ಮನೆಗೆ ಹೇಳಲಾಗುವುದಿಲ್ಲ. ಅದಾಗಲೇ ಕಾಯಿಲೆಯೂ ಶುರುವಾಗಿದ್ದರೆ ಹೊರೆ ತಡೆಯುವುದು ಕಷ್ಟ.

ಸೋಮಾರಿತನವೋ ಖಿನ್ನತೆಯೋ

ಬೇಸರ ಎಲ್ಲರಿಗೂ ಬರುತ್ತದೆ, ಹೋಗುತ್ತದೆ. ಎರಡು ವಾರ ಕಳೆದರೂ ದಿನದ ಹೆಚ್ಚು ಹೊತ್ತು ಮಂಕು ಕವಿದೇ ಇದ್ದು, ನಿದ್ದೆ, ಹಸಿವು, ಗಮನ ಎಲ್ಲವೂ ಕೆಟ್ಟರೆ ಖಿನ್ನತೆಯನ್ನು ಶಂಕಿಸಬೇಕು. ಹಾಸ್ಟೆಲಿನಲ್ಲಿ ಇದು ಹೀಗೆ ಕಾಣುತ್ತದೆ: ಬೆಳಗಿನ ಜಾವ ಮಲಗಿ ಮೆಸ್ಸಿನ ತಿಂಡಿ ತಪ್ಪಿಸುವುದು, ಬಟ್ಟೆ ಒಗೆಯದೆ ರಾಶಿ ಹಾಕುವುದು, ರೆಕಾರ್ಡ್ ಪುಸ್ತಕ ಬರೆಯದಿರುವುದು, ಅಮ್ಮನ ಫೋನ್ ಎತ್ತದಿರುವುದು. ಕಾಲೇಜಿನ ಲೆಕ್ಕದಲ್ಲಿ ಇದೆಲ್ಲ ಅಟೆಂಡೆನ್ಸ್ ಶಾರ್ಟೇಜ್ ಅಷ್ಟೆ. ಮನೆಗೊಂದು ಪತ್ರ ಹೋಗುತ್ತದೆ. ಹಾಜರಿ ಪುಸ್ತಕ ಸುಳಿವು ಕೊಟ್ಟಷ್ಟು ಬೇಗ ಮತ್ತೇನೂ ಕೊಡಲಾರದು, ನಾವು ಅದನ್ನು ದಂಡಕ್ಕೆ ಬಳಸುತ್ತೇವೆ.

ಆತಂಕದ ಕಾಯಿಲೆ ಬೇರೆ ರೂಪದ್ದು. ವೈವಾಗೆ ಮುಂಚೆ ಎದೆ ಡವಗುಟ್ಟುವುದು ಸಹಜ. ಆ ಭಯಕ್ಕೆ ವೈವಾನೇ ಬಿಟ್ಟುಬಿಡುವಂತಾದರೆ ನೆರವು ಬೇಕು.

ಯಾರ ಬಳಿ ಹೋಗಬೇಕು

ಆಪ್ತಸಮಾಲೋಚಕರು ಮಾತಿನ ಮೂಲಕ ದಾರಿ ತೋರುತ್ತಾರೆ. ಚಿಕಿತ್ಸಾ ಮನಃಶಾಸ್ತ್ರಜ್ಞರು ಪರೀಕ್ಷಿಸಿ ಮನೋಚಿಕಿತ್ಸೆ ಕೊಡುತ್ತಾರೆ. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರ ಓದಿದವರು, ಔಷಧಿ ಬರೆಯುವವರು. ಖಿನ್ನತೆಯ ಮಾತ್ರೆಗಳು ಕೆಲಸ ಮಾಡಲು ಕೆಲವು ವಾರ ಬೇಕು. ಚಟ ಹತ್ತುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ, ಆದರೆ ವೈದ್ಯರನ್ನು ಕೇಳದೆ ಏಕಾಏಕಿ ನಿಲ್ಲಿಸಬಾರದು.

ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಎಲ್ಲರಿಗೂ ಗೊತ್ತು. ಜಿಲ್ಲಾ ಆಸ್ಪತ್ರೆಯಲ್ಲೂ ಮನೋವೈದ್ಯ ಸೇವೆ ಇದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಇದರ ಬೇರು ಕರ್ನಾಟಕದಲ್ಲೇ ಇದೆ: 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

14416

2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನ, ಕೇಂದ್ರ ಸರ್ಕಾರ ಟೆಲಿ-ಮಾನಸ್ ಆರಂಭಿಸಿತು. ಇದರ ಮುಖ್ಯ ಕೇಂದ್ರ ನಿಮ್ಹಾನ್ಸ್. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮೊದಲು ಸಿಗುವವರು ತರಬೇತಾದ ಸಮಾಲೋಚಕರು. ಅಗತ್ಯವಿದ್ದರೆ ಮನೋವೈದ್ಯರಿಗೆ ದಾಟಿಸುತ್ತಾರೆ, ಹತ್ತಿರದ ಆಸ್ಪತ್ರೆ ತಿಳಿಸುತ್ತಾರೆ. ಸಾಯುವ ಯೋಚನೆ ಬಂದ ಮೇಲಷ್ಟೇ ಮಾಡಬೇಕಾದ ಕರೆ ಇದಲ್ಲ. ನಿದ್ದೆ ಬರುತ್ತಿಲ್ಲ, ಓದಲಾಗುತ್ತಿಲ್ಲ ಎಂದೂ ಮಾಡಬಹುದು.

ಗುಟ್ಟು ಉಳಿಯುತ್ತದೆಯೇ

ವಿದ್ಯಾರ್ಥಿಗಳನ್ನು ತಡೆಯುವ ದೊಡ್ಡ ಪ್ರಶ್ನೆ ಇದೇ. ಪ್ರಿನ್ಸಿಪಾಲರ ಕೋಣೆಯ ಎದುರಿಗೇ ಸಮಾಲೋಚನಾ ಕೊಠಡಿ ಇಟ್ಟರೆ ಅಲ್ಲಿಗೆ ಯಾರು ಹೋದಾರು? ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 23ನೇ ಸೆಕ್ಷನ್ ಚಿಕಿತ್ಸೆಯ ವಿವರ ಗೌಪ್ಯವಾಗಿರಬೇಕೆಂದು ಹೇಳುತ್ತದೆ. ಜೀವಕ್ಕೆ ಅಪಾಯವಿರುವಂಥ ಕೆಲವು ಸಂದರ್ಭಗಳಷ್ಟೇ ಇದಕ್ಕೆ ಹೊರತು. 18 ತುಂಬದ ಪಿಯು ವಿದ್ಯಾರ್ಥಿಗಳ ಚಿಕಿತ್ಸೆಯಲ್ಲಿ ಪೋಷಕರ ಪಾತ್ರ ಇದ್ದೇ ಇರುತ್ತದೆ. ಅದೇ ಕಾಯ್ದೆಯ 115ನೇ ಸೆಕ್ಷನ್ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು ಎನ್ನುತ್ತದೆ, ಆರೈಕೆಯ ಹೊಣೆಯನ್ನು ಸರ್ಕಾರಕ್ಕೆ ವಹಿಸುತ್ತದೆ. ಪೊಲೀಸ್ ಕೇಸಿಗೆ ಹೆದರಿ ಆಸ್ಪತ್ರೆ ತಪ್ಪಿಸುವವರು ಇದನ್ನು ತಿಳಿದಿರಬೇಕು.

2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳು ಅರ್ಹ ಸಮಾಲೋಚಕರನ್ನೋ ಮನಃಶಾಸ್ತ್ರಜ್ಞರನ್ನೋ ನೇಮಿಸಬೇಕೆಂದು ಸೂಚಿಸಿತು. ಇಂಗ್ಲಿಷ್ ಮೇಷ್ಟರಿಗೇ ಸಮಾಲೋಚಕರ ಹೆಚ್ಚುವರಿ ಹೊಣೆ ಅಂಟಿಸಿದರೆ ಈ ಸೂಚನೆ ಪಾಲಿಸಿದಂತಾಗದು.

ರೂಮ್‌ಮೇಟ್ ಏನು ಮಾಡಬಹುದು

ಬದಲಾವಣೆ ಮೊದಲು ಕಣ್ಣಿಗೆ ಬೀಳುವುದು ಪಕ್ಕದ ಮಂಚದವರಿಗೆ. ಅನುಮಾನ ಬಂದರೆ ನೇರವಾಗಿಯೇ ಕೇಳಿ: “ಸಾಯಬೇಕು ಅನ್ನಿಸ್ತಿದೆಯಾ?” ಕೇಳಿದರೆ ಆ ಯೋಚನೆ ತಲೆಗೆ ಹೊಗುತ್ತದೆ ಎಂಬುದು ತಪ್ಪು ತಿಳಿವಳಿಕೆ, ಹೇಳಿಕೊಳ್ಳಲು ಅವಕಾಶವಾಗುತ್ತದೆ. ಹೌದು ಎಂದರೆ ಬುದ್ಧಿ ಹೇಳಲು ಹೋಗಬೇಡಿ, ಒಬ್ಬರನ್ನೇ ಬಿಡಬೇಡಿ. ಜೊತೆಗೆ ಕೂತು 14416ಕ್ಕೆ ಕರೆ ಮಾಡಿ. ತಕ್ಷಣದ ಅಪಾಯವಿದ್ದರೆ 112. “ಯಾರಿಗೂ ಹೇಳಬೇಡ” ಎಂದು ಆಣೆ ಹಾಕಿಸಿಕೊಂಡರೂ ವಾರ್ಡನ್‌ಗೋ ಮನೆಯವರಿಗೋ ತಿಳಿಸಲೇಬೇಕು. ಆಮೇಲೆ ಸಿಟ್ಟಾದರೆ ಆಗಲಿ.