ಸೆರೆಮನೆಯ ಬಾಗಿಲಿನಾಚೆ

ಇಂಗ್ಲೆಂಡಿನ ಕೈಗಾರಿಕಾ ಕ್ರಾಂತಿಯ ಪಾಠ ಮಾಡುವಾಗ ಎಲಿಜಬೆತ್ ಫ್ರೈ ಎಂಬ ಸುಧಾರಕಿಯ ಕಥೆಯನ್ನೂ ಹೇಳುವುದು ನನ್ನ ವಾಡಿಕೆಯಾಗಿತ್ತು. ಒಮ್ಮೆ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಸಾರ್, ಅಷ್ಟೆಲ್ಲ ಕಲಿತ ಹೆಂಗಸರಲ್ಲಿ ಕೆಲವರು ಮತ್ತೆ ಯಾಕೆ ಕಳ್ಳತನ ಮಾಡಿ ಜೈಲಿಗೆ ಬಂದರು?" ಎಂದು ಕೇಳಿದಳು. "ಹುಟ್ಟುಗುಣ ಸುಟ್ಟರೂ ಹೋಗದಮ್ಮ" ಎಂದು ಗಾದೆ ಹೇಳಿ ನಾನು ಪಾಠ ಮುಂದುವರಿಸಿದೆ. ಆ ಉತ್ತರ ತಪ್ಪಾಗಿತ್ತು.

1813ರಲ್ಲಿ ಫ್ರೈ ಅವರು ಲಂಡನ್ನಿನ ನ್ಯೂಗೇಟ್ ಸೆರೆಮನೆಯನ್ನು ಮೊದಲ ಬಾರಿಗೆ ಕಂಡಾಗ, ಹೆಂಗಸರು ಎಳೆಯ ಮಕ್ಕಳೊಡನೆ ಅಲ್ಲಿ ಕಿಕ್ಕಿರಿದಿದ್ದರು. 1817ರಲ್ಲಿ ಸಂಗಾತಿಗಳ ಸಂಘ ಕಟ್ಟಿ, ಸೆರೆಮನೆಯೊಳಗೇ ಶಾಲೆ ನಡೆಸಿ, ಹೊಲಿಗೆ ಹೆಣಿಗೆಗಳನ್ನು ಕಲಿಸಿದರು. ಅಲ್ಲಿನ ಬದುಕು ಬದಲಾಯಿತು. ಆದರೆ ಬಿಡುಗಡೆಯ ದಿನ ಹೆಣ್ಣು ಹೋಗುವುದೆಲ್ಲಿಗೆ?

ಅಂದಿನ ಬಡ ಹೆಂಗಸರ ಮುಖ್ಯ ಉದ್ಯೋಗ ಮನೆಗೆಲಸ. ಅದಕ್ಕೆ ಹಿಂದಿನ ಯಜಮಾನರು ಬರೆದುಕೊಟ್ಟ ನಡತೆಯ ಪತ್ರ ಬೇಕಿತ್ತು. ಕಳವಿಗಾಗಿ ಸೆರೆಗೆ ಹೋದವಳಿಗೆ ಅದನ್ನು ಕೊಡುವವರಾರು? ಕೆಲಸವಿಲ್ಲದಿದ್ದರೆ ಬಾಡಿಗೆಗೆ ಹಣವಿಲ್ಲ. ಉಳಿದದ್ದು ಹಳೆಯ ಓಣಿ, ಹಳೆಯ ಸಹವಾಸ, ಅಗ್ಗದ ಮದ್ಯ. ಕದ್ದ ಬಟ್ಟೆಯನ್ನು ಗಿರವಿ ಅಂಗಡಿಯಲ್ಲಿಟ್ಟರೆ ಆ ದಿನದ ಊಟ ಸಿಗುತ್ತಿತ್ತು. ಎಲ್ಲರೂ ಹೀಗೆ ಮರಳಲಿಲ್ಲ; ಮರಳಿದವರಲ್ಲಿ ಅನೇಕರಿಗೆ ಬೇರೆ ದಾರಿ ಕಾಣಲಿಲ್ಲ.

ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ ಸಾಗಿಸಲ್ಪಟ್ಟ ಕೈದಿಗಳ ಪಾಡೂ ಇದೇ. ಪರಮಟ್ಟಾದಲ್ಲಿ ಹಗಲೆಲ್ಲ ಉಣ್ಣೆ ನೂತ ಹೆಂಗಸರಲ್ಲಿ ಹೆಚ್ಚಿನವರಿಗೆ ರಾತ್ರಿ ಮಲಗಲು ಸರ್ಕಾರದ ಸ್ಥಳವಿರಲಿಲ್ಲ. ಬಿಡಾರದ ಬಾಡಿಗೆಗಾಗಿ ಕೆಲವರು ಮೈ ಮಾರಬೇಕಾಯಿತು. ಪಾದ್ರಿ ಸ್ಯಾಮ್ಯುಯೆಲ್ ಮಾರ್ಸ್‌ಡನ್ ಈ ಸ್ಥಿತಿಯನ್ನು ಫ್ರೈ ಅವರಿಗೆ ಪತ್ರ ಬರೆದು ತಿಳಿಸಿದರು. 1821ರಲ್ಲಿ ಅಲ್ಲಿ ಹೊಸ ಕಟ್ಟಡ ತೆರೆಯಿತು.

ಫ್ರೈ 1845ರಲ್ಲಿ ತೀರಿಕೊಂಡರು. ಅವರ ನೆನಪಿಗೆಂದು ಸಾರ್ವಜನಿಕರ ವಂತಿಗೆಯಿಂದ 1849ರಲ್ಲಿ ಲಂಡನ್ನಿನ ಹ್ಯಾಕ್ನಿಯಲ್ಲಿ ಒಂದು ಆಶ್ರಯಧಾಮ ಆರಂಭವಾಯಿತು. ಸೆರೆಯಿಂದ ಹೊರಬಂದ ಹೆಣ್ಣುಮಕ್ಕಳಿಗೆ ಅಲ್ಲಿ ಕೆಲಕಾಲ ಅನ್ನ, ವಸತಿ ದೊರೆಯುತ್ತಿತ್ತು. ಆಕೆಯ ಹೆಸರಿಗೆ ಇದಕ್ಕಿಂತ ತಕ್ಕ ಸ್ಮಾರಕವನ್ನು ನಾನು ಕಾಣೆ.

ಪ್ರತಿ ವರ್ಷ ಶಾಲೆ ಬಿಡುವ ನಿಮಗೆಲ್ಲ ನಡತೆ ಪ್ರಮಾಣಪತ್ರ ಬರೆದವನು ನಾನು. "ಉತ್ತಮ" ಎಂಬ ಒಂದೇ ಪದವನ್ನು ಯೋಚಿಸದೆ ಬರೆಯುತ್ತಿದ್ದೆ. ಆ ಪದ ಸಿಗದೆ ಬದುಕೇ ಮುಚ್ಚಿಹೋದ ಹೆಂಗಸರಿದ್ದರೆಂಬುದು ಅಂದು ನನಗೆ ಹೊಳೆಯಲಿಲ್ಲ. ಪ್ರಶ್ನೆ ಕೇಳಿದ ಆ ಹುಡುಗಿ ಇದನ್ನು ಓದಿದರೆ, ತಡವಾಗಿ ಬಂದ ಈ ಉತ್ತರವನ್ನು ಸ್ವೀಕರಿಸಲಿ. ಅಂದಿನ ಗಾದೆಯನ್ನು ಮರೆಯಲಿ.