ಬಿ.ಪಿ. ಅಳತೆ: ಪಟ್ಟಿಯಿಂದ ಬೆಳಕಿನತ್ತ

ಇಂಗ್ಲೆಂಡಿನ ಟೆಡಿಂಗ್ಟನ್ ಎಂಬ ಊರಿನ ಪಾದ್ರಿ ಸ್ಟೀಫನ್ ಹೇಲ್ಸ್ 1733ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಹೆಣ್ಣು ಕುದುರೆಯ ವೃತ್ತಾಂತವಿದೆ. ಅದನ್ನು ಕಟ್ಟಿ ಮಲಗಿಸಿ, ತೊಡೆಯ ಅಪಧಮನಿಗೆ ಹಿತ್ತಾಳೆಯ ಕೊಳವೆ ತೂರಿಸಿ, ಅದಕ್ಕೆ ಉದ್ದನೆಯ ಗಾಜಿನ ನಳಿಕೆ ಜೋಡಿಸಿದಾಗ ರಕ್ತ ಎಂಟಡಿಗೂ ಮೇಲೇರಿತು. ರಕ್ತದ ಒತ್ತಡವನ್ನು ನೇರವಾಗಿ ಅಳೆದದ್ದು ಅದೇ ಮೊದಲು. ಆದರೆ ಕಾಯಿಲೆಯವರ ಮೇಲೆ ಇಂಥ ಪ್ರಯೋಗ ಮಾಡುವವರಾರು?

ರಕ್ತನಾಳ ಕೊಯ್ಯದೆ ಅಳೆಯುವ ಸುಲಭೋಪಾಯವನ್ನು 1896ರಲ್ಲಿ ತೋರಿಸಿದವರು ಇಟಲಿಯ ಟ್ಯೂರಿನ್‌ನ ವೈದ್ಯ ರಿವಾ-ರೋಚ್ಚಿ. ತೋಳಿಗೆ ರಬ್ಬರ್ ಪಟ್ಟಿ ಸುತ್ತಿ ಗಾಳಿ ತುಂಬುವುದು; ಮಣಿಕಟ್ಟಿನ ನಾಡಿ ನಿಂತ ಕ್ಷಣದಲ್ಲಿ ಪಾದರಸದ ಮಟ್ಟ ನೋಡುವುದು. ಅಷ್ಟೆ. ಆದರೆ ಪಟ್ಟಿಯ ಅಗಲ ಸುಮಾರು 5 ಸೆಂ.ಮೀ. ಮಾತ್ರವಿತ್ತು. ಅಷ್ಟು ಕಿರಿದಾದ ಪಟ್ಟಿ ಒತ್ತಡವನ್ನು ಇದ್ದುದಕ್ಕಿಂತ ಹೆಚ್ಚಾಗಿ ತೋರಿಸುತ್ತದೆಂದು 1901ರಲ್ಲಿ ಜರ್ಮನಿಯ ಫಾನ್ ರೆಕ್ಲಿಂಗ್‌ಹೌಸನ್ ಸಾಧಿಸಿ, ಅಗಲವಾದ ಪಟ್ಟಿಯನ್ನು ಬಳಕೆಗೆ ತಂದರು. 1905ರಲ್ಲಿ ರಷ್ಯಾದ ಕೊರೊಟ್ಕಾಫ್, ನಾಡಿ ಮುಟ್ಟುವ ಬದಲು ಸ್ಟೆತೊಸ್ಕೋಪ್ ಇಟ್ಟು ಸದ್ದು ಆಲಿಸಲು ಹೇಳಿದರು. ಮೇಲಿನ ಅಂಕಿಯ ಜೊತೆಗೆ ಕೆಳಗಿನ ಅಂಕಿಯೂ ಹೀಗೆ ವೈದ್ಯರ ಕೈಗೆ ಸಿಕ್ಕಿತು.

ಈಗ ಆ ಪಟ್ಟಿಯೂ ಬೇಡ, ಕೈಗಡಿಯಾರವೇ ಸಾಕು ಎಂಬ ಮಾತು ಕೇಳಿಬರುತ್ತಿದೆ. ಇದರ ಮೂಲವೂ ಹಳೆಯದೇ. ಬೆರಳಿನಲ್ಲಿ ರಕ್ತ ಏರಿಳಿಯುವುದನ್ನು ಬೆಳಕಿನಿಂದ ದಾಖಲಿಸಬಹುದೆಂದು ಅಮೆರಿಕದ ಹರ್ಟ್ಸ್‌ಮನ್ 1937ರಲ್ಲೇ ತೋರಿಸಿದ್ದರು. ಇಂದಿನ ಗಡಿಯಾರದ ಅಡಿಯಲ್ಲಿ ಮಿನುಗುವ ಹಸಿರು ದೀಪ ಮಾಡುವುದೂ ಅದನ್ನೇ. ನಾಡಿ ಬಡಿದಾಗ ರಕ್ತ ಹೆಚ್ಚಿ, ಹೆಚ್ಚು ಬೆಳಕನ್ನು ಹೀರಿಕೊಳ್ಳುತ್ತದೆ. ಹಿಂದಿರುಗುವ ಬೆಳಕು ಕಡಿಮೆಯಾಗುತ್ತದೆ. ಸಿಗುವುದು ಒಂದು ಅಲೆಯ ಚಿತ್ರ.

ತೊಡಕಿರುವುದು ಇಲ್ಲಿಯೇ. ಆ ಅಲೆಯಲ್ಲಿ ಒತ್ತಡದ ಅಂಕಿ ಎಲ್ಲಿಯೂ ಇಲ್ಲ. ಅಲೆಯ ಆಕಾರದಿಂದ, ಅದರ ವೇಗದಿಂದ ಊಹಿಸಬೇಕು. ನಾಳ ಬಿಗಿಯಾದಷ್ಟೂ ಅಲೆ ವೇಗವಾಗಿ ಓಡುತ್ತದೆಂದು ನೆದರ್ಲೆಂಡ್ಸ್‌ನ ಮೋನ್ಸ್ ಮತ್ತು ಕೋರ್ಟೆವೆಗ್ 1878ರಲ್ಲೇ ಲೆಕ್ಕ ಕೊಟ್ಟಿದ್ದರು. ಆದರೆ ನಾಳ ಬಿಗಿಯಾಗುವುದು ಬಿ.ಪಿ. ಏರಿದಾಗ ಮಾತ್ರವಲ್ಲ, ವಯಸ್ಸಾದಂತೆಯೂ. ಚಳಿಗೆ ಕೈ ತಣ್ಣಗಾದರೂ ಅಲೆಯ ರೂಪ ಬದಲಾಗುತ್ತದೆ. ಗಡಿಯಾರದ ಅಂಕಿ ನಂಬಿ ಮಾತ್ರೆ ಬಿಟ್ಟವರ ಗತಿ ಏನು?

2020ರಲ್ಲಿ ದಕ್ಷಿಣ ಕೊರಿಯಾದಲ್ಲಿ ಅನುಮತಿ ಪಡೆದ ಸ್ಯಾಮ್‌ಸಂಗ್ ಗಡಿಯಾರವನ್ನು ನಾಲ್ಕು ವಾರಕ್ಕೊಮ್ಮೆ ತೋಳಪಟ್ಟಿಯ ಅಳತೆಯೊಂದಿಗೆ ಹೊಂದಿಸಲೇಬೇಕಿತ್ತು. ಪಟ್ಟಿಯಿಲ್ಲದ ಯಂತ್ರಗಳನ್ನು ನಂಬಿ ಚಿಕಿತ್ಸೆ ನಿರ್ಧರಿಸಬಾರದೆಂದು ಯುರೋಪಿನ ಅಧಿಕ ರಕ್ತದೊತ್ತಡ ಸಂಘ 2023ರ ಮಾರ್ಗಸೂಚಿಯಲ್ಲಿ ಹೇಳಿತು. ಆ ಮಟ್ಟಿಗೆ, 2025ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಆಪಲ್ ಗಡಿಯಾರದ ಸೌಲಭ್ಯ ಹೆಚ್ಚು ಪ್ರಾಮಾಣಿಕವೆನ್ನಬೇಕು. ಅದು ಅಂಕಿಯನ್ನೇ ಕೊಡುವುದಿಲ್ಲ. 30 ದಿನಗಳ ಅಲೆಗಳನ್ನು ನೋಡಿ, ಅನುಮಾನ ಬಂದರೆ ಎಚ್ಚರಿಸುತ್ತದೆ, ಬಿ.ಪಿ. ಇರುವವರೆಲ್ಲರನ್ನೂ ಪತ್ತೆ ಹಚ್ಚಲಾಗದೆಂದು ಕಂಪೆನಿಯೇ ತಿಳಿಸಿದೆ. ಎಚ್ಚರಿಕೆ ಬಂದವರು ಮುಂದಿನ ಏಳು ದಿನ ತೋಳಿಗೆ ಪಟ್ಟಿ ಸುತ್ತಿಯೇ ಅಳೆದುಕೊಳ್ಳಬೇಕು.