ಕ್ವಿಜ್‌ನಲ್ಲಿ ಯಾರೂ ಕೇಳದ ನಮ್ಮೂರ ಪ್ರಶ್ನೆಗಳು

ಕನ್ನಡದ ಅತ್ಯಂತ ಹಳೆಯ ಶಾಸನ ಯಾವುದು? ನಮ್ಮ ಶಾಲೆಯ ಯಾವ ಬ್ಯಾಚಿನವರನ್ನು ಕೇಳಿದರೂ ‘ಹಲ್ಮಿಡಿ, ಕ್ರಿ.ಶ. 450’ ಎಂಬ ಉತ್ತರ ಥಟ್ಟನೆ ಬರುತ್ತದೆ. ಪರೀಕ್ಷೆಯಲ್ಲಿ ಅದಕ್ಕೆ ಒಂದು ಅಂಕ ಖಾತ್ರಿ. ಆದರೆ 2013ರಲ್ಲಿ ಭಾರತೀಯ ಪುರಾತತ್ವ ಇಲಾಖೆಯವರು ಶಿರಾಳಕೊಪ್ಪದ ಹತ್ತಿರದ ತಾಳಗುಂದದಲ್ಲಿ, ಪ್ರಣವೇಶ್ವರ ದೇವಸ್ಥಾನದ ಆವರಣವನ್ನು ಅಗೆದಾಗ ಸಿಂಹದ ಕೆತ್ತನೆಯಿರುವ ಕಟಾಂಜನದ ಮೇಲೆ ಒಂದು ಬರಹ ಸಿಕ್ಕಿತು. ಸಂಸ್ಕೃತದ ಜೊತೆಗೆ ಕನ್ನಡವೂ ಇರುವ ಆ ಶಾಸನದ ಕಾಲ ಕ್ರಿ.ಶ. 370 ಎಂದು ಇಲಾಖೆ ಹೇಳಿದೆ. ಅಂದರೆ ಹಲ್ಮಿಡಿಗಿಂತ 80 ವರ್ಷ ಹಿರಿಯದು.

ನಾನು ಇತಿಹಾಸ ಓದಿದವನಲ್ಲ. ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಆಫೀಸಿನಲ್ಲಿ ಆಗಾಗ ಕ್ವಿಜ್ ನಡೆಯುತ್ತದೆ. ಮೊದಲ ಒಲಿಂಪಿಕ್ಸ್ ಎಲ್ಲಿ, ನಳಂದ ಎಲ್ಲಿದೆ, ಇಂಥವೇ ಪ್ರಶ್ನೆಗಳು. ಶಿಕಾರಿಪುರ, ಸೊರಬ ಎಂದರೆ ‘ಅದು ಎಲ್ಲಿ ಬರುತ್ತೆ?’ ಎಂದು ನನ್ನನ್ನೇ ಕೇಳುತ್ತಾರೆ. ಅವರನ್ನು ದೂರಿ ಏನು ಪ್ರಯೋಜನ? ಹೈಸ್ಕೂಲು ಮುಗಿಸುವವರೆಗೆ ನಾವೂ ತಾಳಗುಂದದ ಕಂಬವನ್ನು ಸರಿಯಾಗಿ ನೋಡಿದ್ದು ಕಡಿಮೆಯೇ.

ಆ ಕಂಬದ ಕಥೆ ಓದಿದರೆ ಪರ ಊರಿಗೆ ಓದಲು ಹೋದ ನಮ್ಮಂಥವರಿಗೆ ನಗು ಬರುತ್ತದೆ. ಸುಮಾರು 1,700 ವರ್ಷದ ಹಿಂದೆ ಇದೇ ಊರಿನ ಮಯೂರಶರ್ಮ ತನ್ನ ಗುರು ವೀರಶರ್ಮನ ಜೊತೆ ಉನ್ನತ ವ್ಯಾಸಂಗಕ್ಕೆಂದು ಕಂಚಿಯ ಘಟಿಕೆಗೆ ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನೊಡನೆ ಜಗಳವಾಯಿತು. ಅವಮಾನ ತಾಳದೆ ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದ, ಕೊನೆಗೆ ಕದಂಬ ರಾಜ್ಯವನ್ನೇ ಕಟ್ಟಿದ. ನಮ್ಮ ತಾಲ್ಲೂಕಿನಲ್ಲಿ ಓದು ಅರ್ಧಕ್ಕೆ ಬಿಟ್ಟು ಇಷ್ಟು ಮೇಲೆ ಬಂದವರು ಇನ್ನೊಬ್ಬರಿಲ್ಲ! ಕದಂಬ ಎಂಬ ಹೆಸರು ಬಂದದ್ದು ಆ ಮನೆತನದವರ ಮನೆಯ ಹತ್ತಿರವಿದ್ದ ಕದಂಬ ಮರದಿಂದ ಎಂದೂ ಶಾಸನವೇ ಹೇಳುತ್ತದೆ. ಈ ಸಂಸ್ಕೃತ ಕಾವ್ಯವನ್ನು ರಚಿಸಿದ ಕುಬ್ಜ ಕವಿ, ಕಲ್ಲಿನ ಮೇಲೆ ಬರೆದವನೂ ತಾನೇ ಎಂದು ಹೇಳಿಕೊಂಡಿದ್ದಾನೆ. ನನಗೆ ಹೆಚ್ಚು ಹಿಡಿಸಿದ ಸಂಗತಿ ಬೇರೆ. ಇಷ್ಟೆಲ್ಲ ವಂಶದ ವೈಭವ ಬರೆಯಲು ನೆಪವಾದದ್ದು ಯುದ್ಧವಲ್ಲ, ದೇವಸ್ಥಾನದ ಬಳಿ ಕಾಕುಸ್ಥವರ್ಮ ಕಟ್ಟಿಸಿದ ಒಂದು ಕೆರೆ.

ಅಲ್ಲಿಂದ ಬಳ್ಳಿಗಾವಿ ದೂರವೇನಿಲ್ಲ. ಅಲ್ಲಮಪ್ರಭುವಿನ ಊರೆಂದು ಎಲ್ಲರಿಗೂ ಗೊತ್ತು. ಗಂಡಭೇರುಂಡದ ಕಂಬವನ್ನು ಚಾವುಂಡರಾಯರಸ ನಿಲ್ಲಿಸಿದ್ದು 1047ರಲ್ಲಿ. ಸರ್ಕಾರಿ ಕಾಗದದ ಮೇಲಿನ ಲಾಂಛನದಲ್ಲಿ ಕಾಣುವ ಎರಡು ತಲೆಯ ಹಕ್ಕಿಯನ್ನು ನಮ್ಮವರು ಸಾವಿರ ವರ್ಷದ ಹಿಂದೆಯೇ ಕಂಬದ ಮೇಲೆ ಕೂರಿಸಿದ್ದರು. ಬೇಲೂರಿನ ಮದನಿಕೆಯರ ಕೆಳಗೆ ಹೆಸರು ಕೆತ್ತಿಕೊಂಡ ಶಿಲ್ಪಿ ದಾಸೋಜನೂ ಬಳ್ಳಿಗಾವಿಯವನೇ.

ಆದರೆ ಬಳ್ಳಿಗಾವಿಯಲ್ಲಿ ನಿಂತು ಓದಬೇಕಾದದ್ದು ಕೋಡಿಮಠದ ಶಾಸನ. ಕಲಚುರಿ ಬಿಜ್ಜಳನ ಕಾಲದ್ದು, 1162ನೆಯ ಇಸವಿ. ಅಲ್ಲಿ ನಾಲ್ಕು ವೇದ, ಹಲವು ಬಗೆಯ ವ್ಯಾಕರಣ, ನ್ಯಾಯ, ಸಾಂಖ್ಯ, ಯೋಗ, ಪುರಾಣ, ಕಾವ್ಯ, ನಾಟಕ ಕಲಿಸುತ್ತಿದ್ದರು. ಶೈವ ಮಠವಾದರೂ ಬೌದ್ಧ ದರ್ಶನವೂ ಪಾಠದ ಪಟ್ಟಿಯಲ್ಲಿದೆ. ಪಟ್ಟಿ ಅಲ್ಲಿಗೆ ಮುಗಿಯುವುದಿಲ್ಲ. ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಊಟ ಹಾಕುವ ಜಾಗ ಅದು. ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರಿಗೂ ಊಟವುಂಟು. ಜೈನರಾಗಲಿ, ಬೇರೆ ಪಂಥದ ಸನ್ಯಾಸಿಗಳಾಗಲಿ, ಬಂದವರಿಗೆ ಇಲ್ಲವೆನ್ನುವಂತಿಲ್ಲ. ದಿಕ್ಕಿಲ್ಲದ ರೋಗಿಗಳಿಗೆ ಔಷಧ ಕೊಡುವ ಸ್ಥಳ, ಸಕಲ ಜೀವಿಗಳಿಗೂ ಅಭಯದ ಸ್ಥಳ ಎಂದೂ ಬರೆದಿದ್ದಾರೆ. ಶಾಲೆ, ಹಾಸ್ಟೆಲ್ಲು, ಬಿಸಿಯೂಟ, ಆಸ್ಪತ್ರೆ ಎಲ್ಲವೂ ಒಂದೇ ಕಡೆ. ಕಲ್ಲಿನಲ್ಲಿ ಬರೆದಷ್ಟೂ ನಡೆಯಿತೋ ಇಲ್ಲವೋ ಎಂದು ಅನುಮಾನಿಸುವವರು ಇರಬಹುದು. ಬರೆಯಬೇಕೆಂದು ಅವರಿಗೆ ತೋಚಿತಲ್ಲ, ನನಗೆ ಅದೇ ದೊಡ್ಡದು.

ಇನ್ನೊಂದು ಪ್ರಶ್ನೆ. ನಾಗರಖಂಡ ಎಪ್ಪತ್ತನ್ನು, ಅಂದರೆ 70 ಊರುಗಳ ನಾಡನ್ನು, ಆಳಿದ ನಾಡಗಾವುಂಡತಿ ಯಾರು? ಉತ್ತರ: ಜಕ್ಕಿಯಬ್ಬೆ. ಸುಮಾರು ಕ್ರಿ.ಶ. 911, ರಾಷ್ಟ್ರಕೂಟರ ಕಾಲ. ಗಂಡ ಸತ್ತರಸ ನಾಗಾರ್ಜುನ ತೀರಿಕೊಂಡ ಮೇಲೆ ಆ ಹುದ್ದೆಯನ್ನು ಈಕೆಗೇ ಕೊಟ್ಟರು. ಆಡಳಿತದಲ್ಲಿ ಗಟ್ಟಿಗಿತ್ತಿ ಎಂದು ಶಾಸನ ಹೊಗಳುತ್ತದೆ. ಕಾಯಿಲೆ ಬಿದ್ದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ನಮ್ಮ ಬಂದಳಿಕೆಯ ಬಸದಿಯಲ್ಲಿ ವ್ರತ ಹಿಡಿದು ದೇಹ ಬಿಟ್ಟಳು. ತಾಯಿಯಿಂದ ಮಗಳಿಗೆ! ನಮ್ಮ ತರಗತಿಯಲ್ಲಿ ನನಗಿಂತ ಹೆಚ್ಚು ಅಂಕ ತೆಗೆಯುತ್ತಿದ್ದ ಹುಡುಗಿಯರಲ್ಲಿ ಕೆಲವರ ಓದು ಎಸ್ಸೆಸ್ಸೆಲ್ಸಿಗೇ ನಿಂತಿತು. ಜಕ್ಕಿಯಬ್ಬೆಯ ಹೆಸರು ಅವರಿಗೂ ಗೊತ್ತಿರಲಿಲ್ಲ, ಅವರ ಅಪ್ಪಂದಿರಿಗೂ ಗೊತ್ತಿರಲಿಲ್ಲ.

ಈಸೂರಿನ ವಿಷಯ ಎಲ್ಲರೂ ಬಲ್ಲರು. 1942ರಲ್ಲಿ ಸ್ವತಂತ್ರವೆಂದು ಘೋಷಿಸಿಕೊಂಡ ಹಳ್ಳಿ. ಆದರೆ ಆ ಸರ್ಕಾರದ ಅಮಲ್ದಾರ ಜಯಣ್ಣ, ಸಬ್‌ಇನ್ಸ್‌ಪೆಕ್ಟರ್ ಮಲ್ಲಪ್ಪ, ಇಬ್ಬರೂ ಇನ್ನೂ ಹುಡುಗರು ಎಂಬುದು ಎಷ್ಟು ಮಕ್ಕಳಿಗೆ ಗೊತ್ತು? ಆಟದಂತೆ ಕಾಣುವ ಈ ಕಥೆಯ ಕೊನೆ ಆಟವಲ್ಲ. ಊರಿಗೆ ಬಂದ ನಿಜವಾದ ಅಮಲ್ದಾರರೂ ಸಬ್‌ಇನ್ಸ್‌ಪೆಕ್ಟರರೂ ಘರ್ಷಣೆಯಲ್ಲಿ ಸತ್ತರು. 1943ರ ಮಾರ್ಚ್‌ನಲ್ಲಿ ಊರಿನ ಐವರನ್ನು ಗಲ್ಲಿಗೇರಿಸಲಾಯಿತು.

ಸೊರಬದ ಮಿತ್ರರು ಮುನಿಸಿಕೊಳ್ಳುವ ಮೊದಲು ಹೇಳಿಬಿಡುತ್ತೇನೆ. ಶ್ರೀಗಂಧದಲ್ಲಿ ಕೆತ್ತುವ ಗುಡಿಗಾರರು, ಗುಡವಿಗೆ ಬರುವ ಹಕ್ಕಿಗಳು ಎಲ್ಲವೂ ನಿಮ್ಮವೇ. ವೀರಗಲ್ಲುಗಳಂತೂ ನಿಮ್ಮಲ್ಲಿ ಊರಿಗೆ ಊರೇ ತುಂಬಿವೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ. ಎಷ್ಟೋ ಕಲ್ಲುಗಳಲ್ಲಿ ದನಗಳೂ ಇವೆ. ಅವು ತುರುಗೊಳ್, ಅಂದರೆ ಊರಿನ ದನ ಹೊಡೆದುಕೊಂಡು ಹೋದವರ ಮೇಲೆ ಬಿದ್ದು ಸತ್ತವರ ಕಲ್ಲು. ದೀಪಾವಳಿ ಕಳೆದ ಮೇಲೆ ಕೊಬ್ಬರಿ ಕಟ್ಟಿದ ಹೋರಿಯ ಹಿಂದೆ ಜೀವದ ಹಂಗು ಬಿಟ್ಟು ಓಡುವ ನಮ್ಮ ಹುಡುಗರಿಗೆ ಈ ಚಿತ್ರ ವಿವರಿಸಿ ಹೇಳಬೇಕಾಗಿಲ್ಲ.

ಅರಸರ ಕಂಬಕ್ಕೆ ಇಲಾಖೆ ಬೇಲಿ ಹಾಕಿದೆ. ದನ ಕಾಯಲು ಹೋಗಿ ಸತ್ತವನ ಕಲ್ಲಿಗೆ ಬೇಲಿ ಇಲ್ಲ. ಅದು ಗದ್ದೆಯ ಬದುವಿನಲ್ಲಿ ಅಡ್ಡ ಬಿದ್ದಿರುತ್ತದೆ, ಕೆರೆದಂಡೆಯಲ್ಲಿ ಬಟ್ಟೆ ಒಗೆಯುವ ಕಲ್ಲಾಗಿರುತ್ತದೆ. ರಸ್ತೆ ಅಗಲ ಮಾಡುವಾಗ ಜೆಸಿಬಿಯ ಬಾಯಿಗೆ ಹೋದರೆ ಕೇಳುವವರಿಲ್ಲ. ಈಗ ಶಾಲೆಯಲ್ಲಿರುವ ಮಕ್ಕಳು ತಂತಮ್ಮ ಊರಿನ ಕಲ್ಲುಗಳ ಫೋಟೊ ತೆಗೆದು, ಯಾರ ಹೊಲ, ಯಾವ ಗುಡಿಯ ಪಕ್ಕ ಎಂದು ಬರೆದಿಟ್ಟರೆ ಸಾಕು. ಅವನ್ನು ಕಂಪ್ಯೂಟರಿಗೆ ಹಾಕಿ ಕೊಡುವ ಕೆಲಸ ನನ್ನದು.

ಓದುವುದು ಹೇಗೆ ಎಂಬ ಚಿಂತೆ ಬೇಡ. ಬಿ.ಎಲ್. ರೈಸ್ ಸಾಹೇಬರು ನೂರಿಪ್ಪತ್ತು ವರ್ಷದ ಹಿಂದೆಯೇ ‘ಎಪಿಗ್ರಾಫಿಯಾ ಕರ್ನಾಟಿಕ’ದಲ್ಲಿ ಇಲ್ಲಿನ ಶಾಸನಗಳನ್ನು ತಾಲ್ಲೂಕುವಾರು, ಊರಿನ ಹೆಸರು ಸಮೇತ ಅಚ್ಚು ಹಾಕಿಸಿದ್ದಾರೆ. ಕೋಡಿಮಠದ್ದು ಶಿಕಾರಿಪುರ 102, ಜಕ್ಕಿಯಬ್ಬೆಯದು ಶಿಕಾರಿಪುರ 219. ಶಿಕಾರಿಪುರದವರು 1902ರ ಏಳನೆಯ ಸಂಪುಟ ತೆಗೆಯಬೇಕು, ಸೊರಬದವರು 1904ರ ಎಂಟನೆಯದು.